ಐದು ಕ್ಷೇತ್ರ, ಮೂರು ಹೊಳೆ, ಎಂಟು ದಿನ

ಪಂಚಕ್ಷೇತ್ರಗಳನ್ನು ನಡೆದೇ ನೋಡಿ ಬರಬೇಕೆಂಬ ಮಾತು ನಮ್ಮ ಮನೆಯಲ್ಲಿ ಹುಟ್ಟಿದ್ದು ಅಡಿಕೆ ಸುಲಿಯುತ್ತಿದ್ದ ಒಂದು ರಾತ್ರಿಯಲ್ಲಿ. ಶಿರಸಿಯವರಾದ ನಮಗೆ ಗೋಕರ್ಣ ಹೊಸದಲ್ಲ. ಅಪರಕಾರ್ಯಕ್ಕೋ ಶಿವರಾತ್ರಿಗೋ ಎಷ್ಟೋ ಸಲ ಘಟ್ಟ ಇಳಿದು ಹೋಗಿ ಬಂದಿದ್ದೇವೆ. ಆದರೆ ಉಳಿದ ನಾಲ್ಕು ಕ್ಷೇತ್ರಗಳಲ್ಲಿ ಎರಡನ್ನು ನಾನು ನೋಡಿಯೇ ಇರಲಿಲ್ಲ. ಸುಲಿದ ಅಡಿಕೆಯನ್ನು ಬುಟ್ಟಿಗೆ ಹಾಕುತ್ತ ನಾನು ಅದನ್ನು ಹೇಳಿದಾಗ ನಮ್ಮವರು ಮೆಟ್ಟುಗತ್ತಿಯಿಂದ ಕಣ್ಣೆತ್ತದೆ, "ಅಡ್ಡಿಲ್ಲೆ, ನೆಡ್ಕಂಡೇ ಹೋಪನ" ಎಂದರು. ಅವರು ಸಹಕಾರಿ ಸಂಘವೊಂದರಲ್ಲಿ ಲೆಕ್ಕ ಬರೆದೇ ಆಯುಷ್ಯ ಕಳೆದವರು. ಅವರ ಬಾಯಿಂದ ಬಂದ ಮಾತು ಮರುದಿನ ಕಾಗದದ ಮೇಲೆ ಇರುತ್ತದೆಂಬುದು ನನಗೆ ಗೊತ್ತಿತ್ತು.

ಕತೆ ಎಲ್ಲರಿಗೂ ತಿಳಿದದ್ದೇ. ಶಿವನಿಂದ ಆತ್ಮಲಿಂಗವನ್ನು ಪಡೆದು ಲಂಕೆಗೆ ಹೊರಟ ರಾವಣನಿಗೆ ಗೋಕರ್ಣದ ಕಡಲ ತಡಿಯಲ್ಲಿ ಸಂಜೆಯಾಗುತ್ತದೆ. ಸಂಧ್ಯಾವಂದನೆಗೆ ಹೋಗುವ ಮುನ್ನ ಲಿಂಗವನ್ನು ವಟುವೇಷದ ಗಣಪತಿಯ ಕೈಗೆ ಕೊಡುತ್ತಾನೆ. ಗಣಪತಿ ಅದನ್ನು ನೆಲಕ್ಕಿಡುತ್ತಾನೆ. ಕಿತ್ತರೂ ಬಾರದ ಲಿಂಗದ ಮೇಲಿನ ಸಿಟ್ಟಿಗೆ ರಾವಣನು ಅದರ ಹೊದಿಕೆಗಳನ್ನು ದಿಕ್ಕುದಿಕ್ಕಿಗೆ ಎಸೆಯುತ್ತಾನೆ. ಪೆಟ್ಟಿಗೆ ಬಿದ್ದ ಜಾಗ ಕಾರವಾರದ ಶೇಜವಾಡದ ಶೆಜ್ಜೇಶ್ವರವಾಯಿತು, ದಾರ ಬಿದ್ದದ್ದು ಧಾರೇಶ್ವರವಾಯಿತು, ಮುಚ್ಚಳ ಗುಣವಂತೆಗೂ ವಸ್ತ್ರ ಮುರುಡೇಶ್ವರಕ್ಕೂ ಹೋದವು. ಬಡಗಿನಿಂದ ತೆಂಕಿಗೆ ಹೇಳುವುದಾದರೆ ಶೇಜವಾಡ, ಗೋಕರ್ಣ, ಧಾರೇಶ್ವರ, ಗುಣವಂತೆ, ಮುರುಡೇಶ್ವರ. ಕಾರು ಮಾಡಿಕೊಂಡು ಒಂದೇ ದಿನದಲ್ಲಿ ಐದನ್ನೂ ಮುಗಿಸಿ ರಾತ್ರಿಯೂಟಕ್ಕೆ ಮನೆಗೆ ಬರುವವರಿದ್ದಾರೆ.

ಜಿಲ್ಲೆಯ ನಕ್ಷೆಯನ್ನು ಜಗಲಿಯ ಗೋಡೆಗೆ ಅಂಟಿಸಿ, ನನ್ನ ಹೂ ಕಟ್ಟುವ ದಾರವನ್ನು ಕರಾವಳಿಯ ಅಂಚಿನುದ್ದಕ್ಕೂ ಹಿಡಿದು, ಅದನ್ನು ಮತ್ತೆ ನಕ್ಷೆಯ ಅಳತೆಪಟ್ಟಿಗೆ ಹಚ್ಚಿ ನೋಡಿ ನಮ್ಮವರು ಹೇಳಿದ ಮೊದಲ ಲೆಕ್ಕ 100 ಕಿ.ಮೀ. ಫೋನಿನ ನಕ್ಷೆಯಲ್ಲಿ ತುಂಡುತುಂಡಾಗಿ ನೋಡಿ ಕೂಡಿಸಿದಾಗ ಅದು 120ಕ್ಕೆ ಹತ್ತಿರವಾಯಿತು. ದಾರವು ತಿರುವುಗಳನ್ನು ನುಂಗಿಬಿಟ್ಟಿತ್ತು. ದಿನಕ್ಕೆ 24 ಕಿ.ಮೀ.ಯಂತೆ ಐದು ದಿನ ಎಂದು ಅವರು ಬರೆದರು. ನಾನು ಒಪ್ಪಲಿಲ್ಲ. ಮೂವತ್ತು ವರ್ಷ ಶಾಲೆಗೆ ನಡೆದು ಹೋಗಿ ಬಂದವಳಾದ್ದರಿಂದ ನನ್ನ ಕಾಲಿನ ಮೇಲೆ ನನಗೆ ಭರವಸೆಯಿತ್ತು. ಅನುಮಾನವಿದ್ದದ್ದು ಅವರ ಬಲ ಮೊಣಕಾಲಿನ ಮೇಲೆ. ಪರೀಕ್ಷೆಗೆಂದು ಒಂದು ಭಾನುವಾರ ಇಬ್ಬರೂ ಚೀಲ ಹೊತ್ತುಕೊಂಡು ಶಾಲ್ಮಲೆಯ ಸಹಸ್ರಲಿಂಗದವರೆಗೆ ನಡೆದೆವು. ಹೋಗುವಾಗ ಅವರೇ ಮುಂದಿದ್ದರು. ಬರುವಾಗ ಬಸ್ಸಿನಲ್ಲಿ ಬಂದೆವು. ಅಂದು ರಾತ್ರಿ ಐದು ಎಂಬ ಅಂಕಿ ತಾನಾಗಿಯೇ ಎಂಟಾಯಿತು. ನಿಧಾನದವರು ಎಷ್ಟು ನಡೆಯಬಲ್ಲರೋ ಅಷ್ಟೇ ಇಬ್ಬರ ದಿನದ ನಡಿಗೆ ಎಂಬ ನನ್ನ ಕಟ್ಟಳೆಗೆ ಅವರು ಮರುಮಾತಾಡಲಿಲ್ಲ.

ಯಾವಾಗ ಹೊರಡುವುದೆಂಬುದನ್ನು ತೋಟ ನಿರ್ಧರಿಸಿತು. ಅಡಿಕೆ ಕೊಯ್ಲು ಮುಗಿಯುವವರೆಗೆ ಮನೆ ಬಿಡುವಂತಿಲ್ಲ, ಶಿವರಾತ್ರಿ ಬಂತೆಂದರೆ ಗೋಕರ್ಣದಲ್ಲಿ ಕಾಲಿಡಲು ಜಾಗವಿಲ್ಲ, ಅದು ಕಳೆದರೆ ಕರಾವಳಿಯ ಬಿಸಿಲು ನಮ್ಮಂಥ ಘಟ್ಟದ ಮೇಲಿನವರಿಗೆ ಆಗಿಬರುವುದಿಲ್ಲ. ಉಳಿದದ್ದು ಮಾಘ ಶುದ್ಧ ಪಕ್ಷ ಮಾತ್ರ. ನವಮಿಯಂದು ಹೊರಟರೆ ಭಾರತ ಹುಣ್ಣಿಮೆಯ ಮರುದಿನ ಮುರುಡೇಶ್ವರ ಎಂದು ಲೆಕ್ಕವಾಯಿತು.

ಆದರೆ ದಾರಿ ಯಾವುದು ಎಂಬ ಪ್ರಶ್ನೆ ಹಾಗೇ ಉಳಿದಿತ್ತು, ಮತ್ತು ಅದನ್ನು ಬಿಡಿಸಲು ಕುಳಿತ ಮೇಲೆಯೇ ನಮಗೆ ಒಂದು ವಿಷಯ ಅರ್ಥವಾದದ್ದು. ಈ ಜಿಲ್ಲೆಯ ಕರಾವಳಿಯನ್ನು ಹೊಳೆಗಳು ಅಡ್ಡಡ್ಡ ಕೊಯ್ದಿವೆ. ಕಾಳಿಯ ತೆಂಕಣ ದಂಡೆಯಿಂದ ಹೊರಡುವ ನಮಗೆ ಗಂಗಾವಳಿ, ಅಘನಾಶಿನಿ, ಶರಾವತಿ ಎಂಬ ಮೂರು ದೊಡ್ಡ ಹೊಳೆಗಳು ಎದುರಾಗುತ್ತವೆ, ನಡುವೆ ಹೆಸರು ಕೇಳಿರದ ಹಳ್ಳಗಳು ಬೇರೆ. ಪ್ರತಿಯೊಂದನ್ನೂ ಕಡಲಿಗೆ ಹತ್ತಿರದಲ್ಲಿ ದಾಟುವುದೋ ಹೆದ್ದಾರಿಯ ಸೇತುವೆಗೆ ಸುತ್ತಿಕೊಂಡು ಹೋಗುವುದೋ ಎಂಬುದು ತೀರ್ಮಾನವಾದರೆ ಉಳಿದ ದಾರಿ ತಾನೇ ಗೆರೆಯಾಗುತ್ತದೆ. ನಮ್ಮವರು ದೇವಸ್ಥಾನಗಳಿಗೆ ಕೆಂಪು ಚುಕ್ಕೆಯನ್ನೂ ಹೊಳೆ ದಾಟುವ ಜಾಗಗಳಿಗೆ ನೀಲಿ ಚುಕ್ಕೆಯನ್ನೂ ಇಟ್ಟರು. ನಾನು ಹಸಿರು ಪೆನ್ಸಿಲಿನಲ್ಲಿ ಪೆಟ್ರೋಲ್ ಬಂಕು, ಬಸ್ ನಿಲ್ದಾಣ, ರೈಲು ನಿಲ್ದಾಣಗಳನ್ನು ಗುರುತು ಮಾಡಿದೆ. ಅವು ಯಾತಕ್ಕೆಂದು ಅವರು ಕೇಳಿದರು. ಹೆಂಗಸೊಬ್ಬಳು ಹೆದ್ದಾರಿಯ ಬದಿಯಲ್ಲಿ ಬೆಳಗಿನಿಂದ ಸಂಜೆಯವರೆಗೆ ನಡೆಯುವುದೆಂದರೆ ಏನೆಂದು ಬಿಡಿಸಿ ಹೇಳಿದ ಮೇಲೆ, ಅವರೇ ಇನ್ನೂ ನಾಲ್ಕು ಹಸಿರು ಚುಕ್ಕೆಗಳನ್ನು ಹುಡುಕಿ ಕೊಟ್ಟರು.

ಮೊದಲ ದಿನ: ಶೇಜವಾಡದಿಂದ ಅಮದಳ್ಳಿ

ಹಿಂದಿನ ದಿನವೇ ಬಸ್ಸಿನಲ್ಲಿ ಕಾರವಾರಕ್ಕೆ ಬಂದು ಉಳಿದಿದ್ದೆವು. ಬೆಳಗಿನ ಆರಕ್ಕೆ ಶೇಜವಾಡದ ದೇವಸ್ಥಾನದಲ್ಲಿ ನಮ್ಮಿಬ್ಬರನ್ನು ಬಿಟ್ಟರೆ ಹೂವು ತಂದ ಒಬ್ಬ ಅಜ್ಜಿ ಮಾತ್ರ ಇದ್ದರು. ನಡೆದು ಹೋಗುತ್ತೇವೆಂದು ಕೇಳಿದ ಅವರು ಕೊಂಕಣಿಯಲ್ಲಿ ಏನೋ ಹೇಳಿ, ನಮಗೆ ತಿಳಿಯಲಿಲ್ಲವೆಂದು ಗೊತ್ತಾದ ಮೇಲೆ ಎರಡು ಅಬ್ಬಲಿಗೆ ದಂಡೆಯನ್ನು ನನ್ನ ಕೈಗಿಟ್ಟರು.

ಕಾರವಾರದಿಂದ ತೆಂಕಿಗೆ ಕಡಲ ಅಂಚಿನಲ್ಲೇ ನಡೆಯಬಹುದೆಂಬ ಆಸೆಯನ್ನು ನಕ್ಷೆಯ ಮುಂದೆಯೇ ಬಿಟ್ಟಾಗಿತ್ತು. ಬಂದರನ್ನು ದಾಟಿದ ಕೂಡಲೇ ಗುಡ್ಡ ನೇರವಾಗಿ ನೀರಿಗೆ ಇಳಿಯುತ್ತದೆ; ಹೆದ್ದಾರಿ 66 ಸುರಂಗದೊಳಗೆ ಹೋಗುತ್ತದೆ. ಲಾರಿಗಳ ಸದ್ದು ಗೋಡೆಗೆ ಬಡಿದು ಎರಡು ಪಟ್ಟಾಗುವ ಸುರಂಗದಲ್ಲಿ ನಡೆಯುವುದು ಕ್ಷೇಮವಲ್ಲವೆಂದು ಆ ತುಣುಕನ್ನಷ್ಟೇ ಬಸ್ಸಿನಲ್ಲಿ ದಾಟಿ ಬಿಣಗಾದಲ್ಲಿ ಇಳಿದೆವು. ಪಾದಯಾತ್ರೆಯ ಮೊದಲ ತಾಸಿನಲ್ಲೇ ಬಸ್ಸು ಹತ್ತಿದ್ದಕ್ಕೆ ನನಗೆ ಸಂಕೋಚವಾಯಿತು. ನಮ್ಮವರು ಟಿಕೆಟನ್ನು ಲೆಕ್ಕದ ಪುಸ್ತಕದೊಳಗೆ ಜೋಪಾನವಾಗಿ ಇಟ್ಟುಕೊಂಡರು.

ಅರಗಾದಿಂದ ಮುಂದೆ ಕಡಲು ನೌಕಾನೆಲೆಯ ಗೋಡೆಯ ಆಚೆಗಿದೆ. ಈ ನೆಲೆ ಕಟ್ಟುವ ಸೀಬರ್ಡ್ ಯೋಜನೆಗೆ 1986ರಲ್ಲಿ ಅಡಿಗಲ್ಲು ಬಿದ್ದು, 2005ರಲ್ಲಿ ಐಎನ್‌ಎಸ್ ಕದಂಬ ಎಂಬ ಹೆಸರಿನಲ್ಲಿ ಅದು ಆರಂಭವಾಗುವ ಹೊತ್ತಿಗೆ ಈ ತೀರದ ಎಷ್ಟೋ ಊರುಗಳು ಒಳಕ್ಕೆ ಸರಿದಿದ್ದವು. ನಾವು ಆ ರಾತ್ರಿ ಉಳಿದದ್ದು ಅಂಥ ಒಂದು ಮನೆಯಲ್ಲಿ, ನನ್ನ ಹಳೆಯ ಸಹೋದ್ಯೋಗಿಯೊಬ್ಬರ ತಂಗಿಯ ಮನೆ. ಹಿತ್ತಲಿನಲ್ಲಿ ನಿಂತು ಆಕೆಯ ಅತ್ತೆ ತಮ್ಮ ಮೊದಲಿನ ಮನೆಯಿದ್ದ ದಿಕ್ಕನ್ನು ಕೈಯಿಂದ ತೋರಿಸಿದರು. ಆ ದಿಕ್ಕಿನಲ್ಲಿ ಗೋಡೆಯೂ ಅದರ ಮೇಲಿನ ತಂತಿಯೂ ಮಾತ್ರ ಕಾಣುತ್ತಿದ್ದವು. ಆ ದಿನದ ನಡಿಗೆ 15 ಕಿ.ಮೀ. ಆಸುಪಾಸು. ಊಟಕ್ಕೆ ಕುಚ್ಚಲಕ್ಕಿ ಗಂಜಿ ಇತ್ತು; ದಣಿದ ಮೈಗೆ ಅದಕ್ಕಿಂತ ಒಳ್ಳೆಯದು ಇಲ್ಲ.

ಎರಡನೆಯ ದಿನ: ಅಂಕೋಲೆಗೆ

ಈ ದಿನದ ಬಗ್ಗೆ ಬರೆಯಲು ಹೆಚ್ಚೇನಿಲ್ಲ. ಹಾರವಾಡ, ಅವರ್ಸಾ ದಾಟಿ ಹೆದ್ದಾರಿಯ ಬದಿಯಲ್ಲೇ ಸುಮಾರು 20 ಕಿ.ಮೀ. ನಡೆದೆವು; ಎದುರಿನಿಂದ ಬರುವ ವಾಹನ ಕಾಣುವಂತೆ ಬಲಬದಿಯಲ್ಲಿ, ಒಬ್ಬರ ಹಿಂದೆ ಒಬ್ಬರು. ದಂಪತಿಗಳಿಬ್ಬರು ಮಾತಾಡುತ್ತ ನಡೆಯುವ ಚಿತ್ರ ನಮ್ಮ ಮನಸ್ಸಿನಲ್ಲಿತ್ತು. ಹೆದ್ದಾರಿಯಲ್ಲಿ ಅದು ಸಾಧ್ಯವಿಲ್ಲ. ಅವರ್ಸಾದ ಕಾತ್ಯಾಯನಿ ದೇವಸ್ಥಾನದ ನೆರಳಿನಲ್ಲಿ ಕುಳಿತು ಅವಲಕ್ಕಿ ಬೆಲ್ಲ ತಿನ್ನುವಾಗಲೇ ದಿನದ ಮೊದಲ ಮಾತು ಆಡಿದ್ದು. ಆಗ ತಿಳಿಯಿತು, ನಮ್ಮವರ ಎಡಗಾಲಿನ ಹಿಮ್ಮಡಿಯಲ್ಲಿ ಗುಳ್ಳೆ ಎದ್ದಿತ್ತು. ಹೊಸ ಬೂಟು ಬೇಡ, ತೊಟ್ಟು ಹಳಗಿದ ಚಪ್ಪಲಿಯಲ್ಲೇ ನಡೆಯೋಣ ಎಂದು ಶಿರಸಿಯಲ್ಲೇ ಹೇಳಿದ್ದೆ ಎಂಬುದನ್ನು ನಾನು ಒಂದೇ ಸಲ ನೆನಪಿಸಿದೆ. ಅಂಕೋಲೆಯಲ್ಲಿ ಅವರು ಬೂಟನ್ನು ಚೀಲಕ್ಕೆ ಕಟ್ಟಿ ಪಟ್ಟಿಯ ಚಪ್ಪಲಿ ಹಾಕಿಕೊಂಡರು. ಕೊನೆಯ ದಿನದವರೆಗೂ ಆ ಬೂಟುಗಳು ಚೀಲದ ಹೊರಗೆ ತೂಗಾಡುತ್ತ ನಮ್ಮೊಡನೆ ಯಾತ್ರೆ ಮಾಡಿದವು.

ಮೂರನೆಯ ದಿನ: ಗಂಗಾವಳಿ ದಾಟಿ ಗೋಕರ್ಣಕ್ಕೆ

ಅಂಕೋಲೆಯಿಂದ ಗೋಕರ್ಣಕ್ಕೆ ಎರಡು ದಾರಿಗಳಿವೆ. ಹೆದ್ದಾರಿಯಲ್ಲೇ ಶಿರೂರಿನ ಮೇಲೆ ಹೋಗಿ ಗಂಗಾವಳಿಯ ದೊಡ್ಡ ಸೇತುವೆ ದಾಟಿ, ಮಾದನಗೇರಿಯಲ್ಲಿ ಬಲಕ್ಕೆ ತಿರುಗುವುದು ಒಂದು. ಕಡಲ ಕಡೆಗೆ ಸರಿದು ಮಂಜಗುಣಿಯಲ್ಲಿ ಹೊಳೆ ದಾಟಿ, ಆಚೆ ದಂಡೆಯ ಗಂಗಾವಳಿ ಊರಿನಿಂದ ಹೋಗುವುದು ಇನ್ನೊಂದು. ಎರಡನೆಯದು ಹತ್ತಿರದ್ದು. ಆದರೆ ನಾವು ಅದನ್ನು ಆರಿಸಿದ್ದಕ್ಕೆ ಹತ್ತಿರವೆಂಬುದೊಂದೇ ಕಾರಣವಲ್ಲ. 2024ರ ಜುಲೈ 16ರ ಬೆಳಿಗ್ಗೆ ಶಿರೂರಿನಲ್ಲಿ ಗುಡ್ಡ ಕುಸಿದು, ಹೆದ್ದಾರಿಯ ಬದಿಯ ಚಹಾದಂಗಡಿಯನ್ನೂ ಅಲ್ಲಿದ್ದವರನ್ನೂ ಹೊಳೆಗೆ ದೂಡಿದ್ದನ್ನು ಈ ಜಿಲ್ಲೆಯವರು ಯಾರೂ ಮರೆತಿಲ್ಲ. ಮಾಘ ಮಾಸದಲ್ಲಿ ಮಳೆಯಿಲ್ಲ, ಗುಡ್ಡ ಬೀಳುವ ಭಯವೂ ಇಲ್ಲ. ಆದರೂ ನಮ್ಮಂತೆಯೇ ಚಹಾ ಕುಡಿಯಲು ನಿಂತವರು ಹೋದ ಜಾಗದಲ್ಲಿ ಯಾತ್ರೆಯ ಉಮೇದಿನಿಂದ ನಡೆದು ಹೋಗಲು ಇಬ್ಬರಿಗೂ ಮನಸ್ಸಾಗಲಿಲ್ಲ. ಇದನ್ನು ನಾವು ಚರ್ಚಿಸಲೇ ಇಲ್ಲ. ನಕ್ಷೆಯ ಮೇಲೆ ಅವರ ಪೆನ್ಸಿಲು ತಾನಾಗಿಯೇ ಮಂಜಗುಣಿಯ ಕಡೆ ತಿರುಗಿತ್ತು.

ನಮ್ಮ ಶಿರಸಿ ತಾಲ್ಲೂಕಿನ ಮಂಜುಗುಣಿಗೂ ಈ ಮಂಜಗುಣಿಗೂ ಒಂದು ಕೊಂಬಿನ ಅಂತರ. ಗಂಗಾವಳಿ ದಾಟುವುದು ಮಂಜಗುಣಿಯಲ್ಲಿ ಎಂದು ನಮ್ಮ ಅತ್ತಿಗೆಗೆ ಹೇಳಿದಾಗ ಅವರು ವೆಂಕಟರಮಣನ ಪ್ರಸಾದ ತರಲು ಹೇಳಿ ಕಳಿಸಿದ್ದರು.

ಹೊಳೆಯ ಆಚೆ ಗಂಗಾಮಾತೆಯ ದೇವಸ್ಥಾನವಿದೆ. ಗಂಗೆಗೂ ಗೋಕರ್ಣದ ಮಹಾಬಲೇಶ್ವರನಿಗೂ ಪ್ರತಿವರ್ಷ ಮದುವೆ ನಡೆಸುವ ಪದ್ಧತಿ ಇಲ್ಲಿಯವರದು. ಹಾಗೆ ನೋಡಿದರೆ ಅಂದು ನಾವು ನಡೆದದ್ದು ಹೆಣ್ಣಿನ ಮನೆಯಿಂದ ಗಂಡಿನ ಮನೆಗೆ ಹೋಗುವ ದಾರಿ. ಗೋಕರ್ಣ ತಲುಪುವಾಗ ಎರಡು ಗಂಟೆ. ಏಕಾದಶಿಯೆಂದು ಬೆಳಗಿನಿಂದ ಹಣ್ಣು ಮತ್ತು ಮುರುಗಲ ಪಾನಕದಲ್ಲೇ ಇದ್ದ ನನಗೆ ಕೋಟಿತೀರ್ಥದ ಮೆಟ್ಟಿಲ ಮೇಲೆ ಕುಳಿತಾಗ ಕಣ್ಣು ಕತ್ತಲಿಟ್ಟಿತು. ನಡಿಗೆಯ ದಿನ ಉಪವಾಸ ಮಾಡಬಾರದೆಂದು ಯಾವ ಶಾಸ್ತ್ರದಲ್ಲಿ ಬರೆದಿದೆಯೋ ಗೊತ್ತಿಲ್ಲ. ನಮ್ಮವರ ಪುಸ್ತಕದಲ್ಲಿ ಅಂದು ಬರೆಯಲಾಯಿತು.

ನಾಲ್ಕನೆಯ ದಿನ: ಗೋಕರ್ಣದಲ್ಲಿ

ವಿಶ್ರಾಂತಿಯ ದಿನ. ಯೋಜನೆ ಮಾಡುವಾಗ ಇದನ್ನು ಸೇರಿಸಬೇಕೆಂದು ಹಟ ಹಿಡಿದವಳು ನಾನು. ಅದರ ಫಲ ಉಂಡದ್ದು ಅವರ ಹಿಮ್ಮಡಿ. ಬೆಳಿಗ್ಗೆ ಕಡಲಲ್ಲಿ ಮಿಂದು ಮೊದಲು ಗಣಪತಿಗೆ ಹೋದೆವು. ಎರಡು ಕೈಗಳ ಈ ಗಣಪತಿಯ ತಲೆಯ ಮೇಲೆ ರಾವಣ ಹೊಡೆದ ಗುರುತಿದೆ. ಲಿಂಗವನ್ನು ಈ ನೆಲಕ್ಕೆ ಉಳಿಸಿಕೊಟ್ಟು ಪೆಟ್ಟು ತಿಂದವನಿಗೆ ಮೊದಲ ನಮಸ್ಕಾರ ಸಲ್ಲುವುದು ನ್ಯಾಯವೇ. ಆಮೇಲೆ ಮಹಾಬಲೇಶ್ವರ. ಸಾಲಿಗ್ರಾಮ ಪೀಠದ ರಂಧ್ರದೊಳಗೆ ಬೆರಳಿಟ್ಟು ಆತ್ಮಲಿಂಗವನ್ನು ಮುಟ್ಟುವ ಆ ಒಂದು ಕ್ಷಣಕ್ಕಾಗಿ ಎಷ್ಟೋ ಸಲ ಇಲ್ಲಿಗೆ ಬಂದಿದ್ದೇನೆ. ಮೂರು ದಿನ ನಡೆದು ಬಂದು ಮುಟ್ಟಿದಾಗ ಬೆರಳಿಗೆ ತಾಕಿದ್ದು ಅದೇ ತಂಪು. ನಿಂತಿದ್ದ ಕಾಲು ಮಾತ್ರ ನಡುಗುತ್ತಿತ್ತು.

ಸಂಜೆ ಮುಂದಿನ ದಾರಿಯ ಬಗ್ಗೆ ನಮ್ಮಿಬ್ಬರಿಗೂ ಯಾತ್ರೆಯ ಮೊದಲ ಜಗಳವಾಯಿತು. ಗೋಕರ್ಣದಿಂದ ಕುಡ್ಲೆ, ಓಂ ಕಡಲತೀರಗಳ ಮೇಲೆ ಬಂಡೆಯ ಕಾಲುದಾರಿ ಹಿಡಿದು ತದಡಿಯ ಕಡೆಗೆ ಹೋಗಬಹುದು. ಹುಡುಗರು ಹಾಗೆ ಹೋಗುತ್ತಾರೆ. ನನಗೆ ಅದೇ ಬೇಕಿತ್ತು. ಗುಳ್ಳೆಯ ಕಾಲಿನವರಿಗೆ ಊರ ರಸ್ತೆ ಬೇಕಿತ್ತು. ಬೆಳಗಿನ ದೋಣಿ ತಪ್ಪಬಾರದೆಂಬ ಅವರ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ. ಕೊನೆಗೆ ನಾನೊಬ್ಬಳೇ ಕುಡ್ಲೆಯ ಮೇಲಿನ ಗುಡ್ಡದವರೆಗೆ ಹೋಗಿ, ಸೂರ್ಯ ಮುಳುಗುವುದನ್ನು ನೋಡಿ, ಹಿಂದಿರುಗಿ ಬಂದೆ. ಇಬ್ಬರೂ ಒಟ್ಟಿಗೆ ಹೊರಟ ಯಾತ್ರೆಯಲ್ಲಿ ಒಬ್ಬಳೇ ನಡೆದ ಆ ಎರಡು ತಾಸು ನನಗೆ ಬೇಕಾಗಿತ್ತೆಂದು ಆಮೇಲೆ ಅನ್ನಿಸಿತು. ಬಹುಶಃ ಅವರಿಗೂ ಬೇಕಾಗಿತ್ತು.

ಐದನೆಯ ದಿನ: ಅಘನಾಶಿನಿ

ಈ ದಿನಕ್ಕಾಗಿಯೇ ನಾನು ಕಾದಿದ್ದೆ. ಹೆದ್ದಾರಿಯ ಮೇಲೆ ಹೋಗುವುದಾದರೆ ಗೋಕರ್ಣದಿಂದ ಮಾದನಗೇರಿಗೆ ಹಿಂದಿರುಗಿ, ಹಿರೇಗುತ್ತಿ, ಮಿರ್ಜಾನ್ ಸುತ್ತಿ ಕುಮಟೆಗೆ 30 ಕಿ.ಮೀ.ಗೂ ಹೆಚ್ಚು, ನಮ್ಮ ಲೆಕ್ಕದಲ್ಲಿ ಎರಡು ದಿನ. ತದಡಿಯಲ್ಲಿ ಹೊಳೆ ದಾಟಿದರೆ ಒಂದೇ ದಿನ. ನಮ್ಮ ಇಡೀ ಯೋಜನೆ ನಿಂತಿದ್ದದ್ದು ಈ ಒಂದು ದಾಟುವಿಕೆಯ ಮೇಲೆ. ಹೊರಡುವ ಮೊದಲು ನಮ್ಮವರು ಮೂರು ಜನರಿಗೆ ಫೋನು ಮಾಡಿ ದೋಣಿಯ ಹೊತ್ತು ಕೇಳಿದ್ದರು; ಮೂವರು ಮೂರು ಹೊತ್ತು ಹೇಳಿದ್ದರು.

ನಸುಕಿನಲ್ಲಿ ಹೊರಟು ಬಿಸಿಲೇರುವ ಮೊದಲೇ ತದಡಿಯ ಧಕ್ಕೆಗೆ ಬಂದೆವು. ಮೀನಿನ ಬುಟ್ಟಿಗಳ ನಡುವೆ ನಮ್ಮ ಚೀಲಗಳನ್ನಿಟ್ಟು ಕುಳಿತೆವು. ಉಬ್ಬರ ಏರುತ್ತಿತ್ತು, ಹೊಳೆಯ ನೀರು ಕಡಲಿನಿಂದ ಒಳಕ್ಕೆ, ಘಟ್ಟದ ದಿಕ್ಕಿಗೆ ಹರಿಯುತ್ತಿತ್ತು. ಅದನ್ನು ನೋಡಿ ನನಗೆ ಮಾತೇ ಹೊರಡಲಿಲ್ಲ. ಈ ಹೊಳೆಯ ಒಂದು ಕವಲು ಹುಟ್ಟುವುದು ನಮ್ಮ ಶಿರಸಿಯ ಶಂಕರಹೊಂಡದಲ್ಲಿ, ನಾನು ಪೇಟೆಗೆ ಹೋದಾಗಲೆಲ್ಲ ಹಾದು ಬರುವ ಜಾಗ. ಇನ್ನೊಂದು ಕವಲು ಬರುವುದು ಅದೇ ಮಂಜುಗುಣಿಯ ಕಡೆಯಿಂದ. ಉಂಚಳ್ಳಿಯಲ್ಲಿ 116 ಮೀಟರ್ ಧುಮುಕಿ, ಎಲ್ಲಿಯೂ ಅಣೆಕಟ್ಟಿಗೆ ಸಿಗದೆ ಇಲ್ಲಿಯವರೆಗೆ ಬರುವ ಹೊಳೆ ಇದು. ನಮ್ಮ ಮನೆಯ ಹಿಂದಿನ ನೀರು ಹೋಗಿ ಸೇರುವ ಜಾಗವನ್ನು ಐವತ್ತೆಂಟು ವರ್ಷಗಳಾದ ಮೇಲೆ ನೋಡುತ್ತಿದ್ದೆ.

ದೋಣಿ ಬಂದದ್ದು ಯಾರೂ ಹೇಳದ ನಾಲ್ಕನೆಯ ಹೊತ್ತಿಗೆ. ಬೈಕುಗಳು, ಶಾಲೆಯ ಮಕ್ಕಳು, ಒಂದು ಆಡು, ನಾವಿಬ್ಬರು. ದಾಟಲು ಹಿಡಿದದ್ದು ಕೆಲವೇ ನಿಮಿಷ. ನನ್ನ ಪಕ್ಕ ಕುಳಿತ ಹೆಂಗಸು ಅಳಿವೆಯಲ್ಲಿ ಬಳಚು ಎಂಬ ಚಿಪ್ಪುಮೀನು ಆರಿಸುವವಳು. ಇಳಿತದ ಹೊತ್ತಿಗೆ ನೀರಿನಲ್ಲಿ ನಿಂತು ಕಾಲಿನಿಂದಲೇ ಚಿಪ್ಪನ್ನು ಗುರುತು ಹಿಡಿಯುವುದನ್ನು ಆಕೆ ಕುಳಿತಲ್ಲೇ ಪಾದ ಹೊರಳಿಸಿ ತೋರಿಸಿದಳು. 2024ರಲ್ಲಿ ಈ ಅಳಿವೆ ಜಗತ್ತಿನ ಮಹತ್ವದ ಜೌಗುನೆಲಗಳ ರಾಮ್ಸಾರ್ ಪಟ್ಟಿಗೆ ಸೇರಿದೆಯೆಂದು ನಮ್ಮವರು ಹೇಳಿದರು. ಆಕೆ, "ಹೌದಂತೆ, ಬೋರ್ಡ್ ಹಾಕ್ತ್ರು ಅಂದ್ರು" ಎಂದು ಆಡಿನ ಹಗ್ಗ ಹಿಡಿದು ಇಳಿದು ಹೋದಳು.

ಆಚೆ ದಂಡೆಯ ಊರಿನ ಹೆಸರೂ ಅಘನಾಶಿನಿಯೇ. ಅಲ್ಲಿಂದ ಕಾಗಾಲ, ಬಾಡ, ಹೊಲನಗದ್ದೆಗಳ ಮೇಲೆ ಕುಮಟೆಗೆ ಹೋಗುವ ದಾರಿ ಈ ಯಾತ್ರೆಯಲ್ಲೇ ಅತ್ಯುತ್ತಮವಾದದ್ದು. ಲಾರಿಗಳಿಲ್ಲ, ತೆಂಗಿನ ನೆರಳಿದೆ, ಉಪ್ಪು ನೀರನ್ನು ತಾಳುವ ಕಗ್ಗ ಭತ್ತ ಬೆಳೆಯುವ ಗಜನಿ ಗದ್ದೆಗಳ ಪ್ರದೇಶವಿದು, ಈಗ ಕೊಯ್ಲಾಗಿ ಬಯಲು. ಇಲ್ಲಿ ಮೊದಲ ಸಲ ಇಬ್ಬರೂ ಜೊತೆಜೊತೆಯಾಗಿ ಮಾತಾಡುತ್ತ ನಡೆದೆವು. ಮಗಳ ಮದುವೆಯ ಸಾಲ, ತೋಟಕ್ಕೆ ಬಂದ ಎಲೆಚುಕ್ಕೆ ರೋಗ, ಇನ್ನು ಹತ್ತು ವರ್ಷಕ್ಕೆ ಆ ಮನೆಯಲ್ಲಿ ಯಾರಿರುತ್ತಾರೆ ಎಂಬುದು, ಮನೆಯಲ್ಲಿ ಕುಳಿತು ಆಡಲಾಗದ ಮಾತುಗಳೆಲ್ಲ ಹೊಲನಗದ್ದೆಯವರೆಗೆ ನಡೆದವು. ಬಾಡದಲ್ಲಿ ಕಾಂಚಿಕಾ ಪರಮೇಶ್ವರಿಗೆ ಕೈಮುಗಿದು, ಎದುರಿನ ಅಂಗಡಿಯಲ್ಲಿ ಎಳನೀರು ಕುಡಿದೆವು. ಕುಮಟೆ ತಲುಪುವಾಗ ಕಾಲು ನೋಯುತ್ತಿದೆಯೆಂಬುದು ಅವರಿಗೆ ಮರೆತೇ ಹೋಗಿತ್ತು.

ಆರನೆಯ ದಿನ: ಧಾರೇಶ್ವರ ಮತ್ತು ಒಂದು ತಪ್ಪು ಲೆಕ್ಕ

ಕುಮಟೆಯಿಂದ ಧಾರೇಶ್ವರಕ್ಕೆ ಎರಡು ತಾಸು. ಕಲ್ಲಿನ ಹಳೆಯ ದೇವಸ್ಥಾನ, ಬೆಳಗಿನ ಹೊತ್ತಿಗೆ ನೆಲ ತಣ್ಣಗಿತ್ತು. ದಾರ ಬಿದ್ದ ಕ್ಷೇತ್ರವೆಂದು ನಮ್ಮವರು ನಕ್ಷೆ ಅಳೆದ ಹೂವಿನ ದಾರವನ್ನು ಜೇಬಿನಿಂದ ತೆಗೆದು, ಅದರಲ್ಲೇ ಸುತ್ತಿದ ನಾಲ್ಕು ಸೇವಂತಿಗೆಯನ್ನು ದೇವರಿಗೆ ಕೊಟ್ಟರು. ಅವರು ಅದನ್ನು ಇಷ್ಟು ದಿನ ಇಟ್ಟುಕೊಂಡಿದ್ದರೆಂಬುದೇ ನನಗೆ ತಿಳಿದಿರಲಿಲ್ಲ.

ಇಲ್ಲಿಂದ ಹೊನ್ನಾವರಕ್ಕೆ ಹೆದ್ದಾರಿಯಲ್ಲೇ ಹೋಗಿದ್ದರೆ ಈ ಅಧ್ಯಾಯ ಇಲ್ಲಿಗೆ ಮುಗಿಯುತ್ತಿತ್ತು. ಆದರೆ ನಿನ್ನೆಯ ದಾರಿಯ ಸುಖ ತಲೆಗೇರಿತ್ತು. ಹಳದೀಪುರದಲ್ಲಿ ಕಡಲ ಕಡೆಗೆ ಇಳಿದು, ಇಳಿತದ ಹೊತ್ತಿಗೆ ಗಟ್ಟಿಯಾಗುವ ಮರಳಿನ ಮೇಲೆ ಕರ್ಕಿಯವರೆಗೆ ನಡೆಯಬಹುದು, ನಡುವೆ ಬರುವ ಬಡಗಣಿ ಹೊಳೆಯಲ್ಲಿ ಮೊಣಕಾಲುದ್ದ ನೀರಿರಬಹುದು ಎಂಬುದು ಅವರ ಲೆಕ್ಕ. ಪುಸ್ತಕದಲ್ಲಿ ಇಳಿತದ ಹೊತ್ತನ್ನೂ ಬರೆದಿದ್ದರು, ಮಧ್ಯಾಹ್ನ ಹನ್ನೆರಡರ ಸುಮಾರು. ನಾವು ಹನ್ನೊಂದಕ್ಕೆ ಅಲ್ಲಿಗೆ ಹೋದಾಗ ನೀರು ತುಂಬಿಕೊಂಡು ನಿಂತಿತ್ತು. ಆಚೆಯ ದಂಡೆ ಕಾಣುತ್ತಿತ್ತು, ಅದರ ಮೇಲಿನ ತೆಂಗಿನ ಮರಗಳೂ ಕಾಣುತ್ತಿದ್ದವು. ದಾಟುವ ದಾರಿ ಮಾತ್ರ ಕಾಣಲಿಲ್ಲ. ಬಲೆ ಹೊಲಿಯುತ್ತಿದ್ದ ಒಬ್ಬ ಮುದುಕ ಸೂಜಿಯನ್ನು ಬಾಯಲ್ಲಿ ಕಚ್ಚಿಕೊಂಡೇ ನಮ್ಮನ್ನು ನೋಡಿ, "ಇಲ್ಲಿ ದಾಟುಕೆ ಆಗುದಿಲ್ಲ ಅಮ್ಮಾ. ನಾಳೆ ಹುಣ್ಣಿಮೆ ಅಲ್ಲ?" ಎಂದ.

ಆ ಒಂದು ಮಾತಿನಲ್ಲಿ ಎರಡು ಪಾಠಗಳಿದ್ದವು. ಉಬ್ಬರ ಇಳಿತಗಳ ಹೊತ್ತು ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಜಾರುತ್ತದೆ. ನಮ್ಮವರು ಹೊರಟ ನವಮಿಯ ದಿನದ ಹೊತ್ತನ್ನು ಚತುರ್ದಶಿಗೂ ಹಾಗೆಯೇ ಹಿಡಿದಿದ್ದರು. ಐದು ದಿನದಲ್ಲಿ ಅದು ನಾಲ್ಕು ತಾಸು ಸರಿದು, ಇಳಿತ ಸಂಜೆಯ ಕಡೆಗೆ ಹೋಗಿತ್ತು. ಎರಡನೆಯದು, ಹುಣ್ಣಿಮೆ ಅಮಾವಾಸ್ಯೆಗಳ ಆಸುಪಾಸಿನಲ್ಲಿ ಉಬ್ಬರ ಉಳಿದ ದಿನಗಳಿಗಿಂತ ಎತ್ತರಕ್ಕೆ ಏರುತ್ತದೆ. ಮೂವತ್ತೈದು ವರ್ಷ ಬಡ್ಡಿಯ ಲೆಕ್ಕದಲ್ಲಿ ಒಂದು ಪೈಸೆ ತಪ್ಪದವರು ಚಂದ್ರನ ಲೆಕ್ಕದಲ್ಲಿ ತಪ್ಪಿದ್ದರು. ನಾನು ನಗಬಾರದಿತ್ತು, ನಕ್ಕೆ. ಅವರು ಹೆದ್ದಾರಿಗೆ ಹಿಂದಿರುಗುವವರೆಗೆ ಮಾತಾಡಲಿಲ್ಲ. ಹೆಚ್ಚುವರಿಯಾಗಿ ನಡೆದದ್ದು ಸುಮಾರು 5 ಕಿ.ಮೀ., ಅದೂ ನೆತ್ತಿಯ ಬಿಸಿಲಿನಲ್ಲಿ. ಹೊನ್ನಾವರದ ವಸತಿಗೃಹದಲ್ಲಿ ಬಿಸಿನೀರಿಗೆ ಉಪ್ಪು ಹಾಕಿ ಒಂದೇ ಬಕೆಟ್ಟಿನಲ್ಲಿ ಇಬ್ಬರೂ ಕಾಲಿಟ್ಟು ಕುಳಿತಾಗಲೇ ಸಂಧಾನವಾದದ್ದು.

ಏಳನೆಯ ದಿನ: ಶರಾವತಿ, ಗುಣವಂತೆ, ಇಡಗುಂಜಿ

ಮೂರನೆಯ ಹೊಳೆಗೆ ಆಯ್ಕೆಯೇ ಇಲ್ಲ. ಶರಾವತಿಯನ್ನು ಹೆದ್ದಾರಿಯ ಸೇತುವೆಯ ಮೇಲೆಯೇ ದಾಟಬೇಕು. ವಾಹನ ಕಡಿಮೆಯಿರುವ ಹೊತ್ತೆಂದು ಬೆಳಕು ಹರಿಯುವಾಗಲೇ ಹೊರಟೆವು. ಘಟ್ಟದ ಕಡೆಗೆ ಕೊಂಕಣ ರೈಲ್ವೆಯ ಸೇತುವೆ ಕಾಣುತ್ತದೆ, 2 ಕಿ.ಮೀ.ಗೂ ಮಿಕ್ಕಿದ ಉದ್ದ, ಆ ಮಾರ್ಗದಲ್ಲೇ ಅತ್ಯಂತ ಉದ್ದನೆಯದು. ನಡುಹೊಳೆಯ ಮೇಲೆ ಲಾರಿಯೊಂದು ಹಾದಾಗ ಕಾಲ ಕೆಳಗಿನ ಸೇತುವೆ ಅಲುಗಿ, ನಾನು ನಮ್ಮವರ ಚೀಲದ ಪಟ್ಟಿ ಹಿಡಿದುಕೊಂಡೆ. ದಾಟಿ ಮುಗಿಯುವವರೆಗೆ ಬಿಡಲಿಲ್ಲ.

ಗುಣವಂತೆಯ ಶಂಭುಲಿಂಗನಲ್ಲಿ ಹುಣ್ಣಿಮೆಯ ಪೂಜೆ ನಡೆಯುತ್ತಿತ್ತು. ಐದು ಕ್ಷೇತ್ರಗಳಲ್ಲಿ ನನ್ನ ಮನಸ್ಸಿಗೆ ಹೆಚ್ಚು ಹಿಡಿಸಿದ್ದು ಇದು, ಕಾರಣ ಹೇಳಲಾರೆ. ಕೆರೆಮನೆಯವರ ಯಕ್ಷಗಾನ ಮೇಳದ ನೆಲೆಯೂ ಇದೇ ಊರು; 1934ರಲ್ಲಿ ಕೆರೆಮನೆ ಶಿವರಾಮ ಹೆಗಡೆಯವರು ಕಟ್ಟಿದ ಆ ಮೇಳಕ್ಕೆ ಇಡಗುಂಜಿಯ ಮಹಾಗಣಪತಿಯ ಹೆಸರಿದೆ. ಹೆಸರು ಬಂದದ್ದೇ ನೆಪವಾಗಿ ನಾನು ಇಡಗುಂಜಿಗೆ ಹೋಗೋಣವೆಂದೆ. ಅದು ಪಂಚಕ್ಷೇತ್ರದಲ್ಲಿಲ್ಲ, ಹೆದ್ದಾರಿಯಿಂದ ಒಳಕ್ಕಿದೆ, ಯೋಜನೆಯಲ್ಲಿಲ್ಲ ಎಂದು ಅವರು ಮೂರು ಕಾರಣ ಕೊಟ್ಟರು. ನಿನ್ನೆಯ ಬಡಗಣಿಯೂ ಯೋಜನೆಯಲ್ಲಿತ್ತು ಎಂದು ನಾನು ಒಂದು ಕಾರಣ ಕೊಟ್ಟೆ. ಸಂಜೆಯ ಮಂಗಳಾರತಿಗೆ ಇಡಗುಂಜಿಯಲ್ಲಿದ್ದೆವು. ನಿಂತ ಭಂಗಿಯ, ಎರಡು ಕೈಗಳ ಗಣಪತಿ. ಗೋಕರ್ಣದವನ ನೆನಪು ತರುವವನು. ಅಲ್ಲಿಯೇ ಊಟ, ಅಲ್ಲಿಯೇ ರಾತ್ರಿ.

ಎಂಟನೆಯ ದಿನ: ಮುರುಡೇಶ್ವರ

ಮಂಕಿಯ ಮೇಲೆ ಹೆದ್ದಾರಿ ಹಿಡಿದು ಹೊರಟ ನಮಗೆ 20 ಅಂತಸ್ತಿನ ರಾಜಗೋಪುರ ದೂರದಿಂದಲೇ ಕಂಡಿತು. ಕಾಣುವುದು ಬೇಗ, ಮುಟ್ಟುವುದು ತಡ. ಕೊನೆಯ ಎರಡು ಕಿ.ಮೀ. ಪ್ರವಾಸಿ ಬಸ್ಸುಗಳ ಸಾಲಿನ ಪಕ್ಕದಲ್ಲೇ ನಡೆದೆವು. 123 ಅಡಿಯ ಶಿವನ ಮೂರ್ತಿಯ ಮುಂದೆ ಜನ ಫೋಟೋ ತೆಗೆಸಿಕೊಳ್ಳುತ್ತಿದ್ದರು. ಚೀಲದಲ್ಲಿ ಬೂಟು ತೂಗಾಡಿಸಿಕೊಂಡು ಬಂದ ನಮ್ಮನ್ನು ಒಬ್ಬ ಹುಡುಗ ಕರೆದು, ಅವನ ಸಂಸಾರದ ಫೋಟೋ ತೆಗೆದುಕೊಡಲು ಹೇಳಿದ. ಆ ಗದ್ದಲದ ನಡುವೆ, ಮೂರು ಕಡೆ ನೀರು ಸುತ್ತಿದ ಕಂದುಕಗಿರಿಯ ಮೇಲೆ, ಹಳೆಯ ಗರ್ಭಗುಡಿಯ ಮುಂದೆ ಐದನೆಯ ನಮಸ್ಕಾರ ಮಾಡಿದೆವು.

ಮನೆಗೆ ಬಂದ ಮೇಲೆ ನಮ್ಮವರು ಯೋಜನೆಯ ಕಾಗದವನ್ನು ಹೊಸದಾಗಿ ಬರೆದರು. ನನ್ನ ಚಿಕ್ಕಮ್ಮನ ಮಗ, ಅವನ ಹೆಂಡತಿ ಮುಂದಿನ ಮಾಘದಲ್ಲಿ ಹೋಗುತ್ತಾರಂತೆ, ಅವರಿಗೆ ಕೊಡಲು. ಸುರಂಗದ ಬಳಿ ಬಸ್ಸು ಎಂದು ಬರೆದಿದ್ದಾರೆ. ಅಮದಳ್ಳಿಯಿಂದ ಅಂಕೋಲೆಯ ದಾರಿಯನ್ನು ಎರಡು ದಿನ ಮಾಡಿದ್ದಾರೆ. ಹಸಿರು ಚುಕ್ಕೆಗಳನ್ನು ಹೊಸ ನಕ್ಷೆಗೆ ಒಂದೂ ಬಿಡದೆ ಇಳಿಸಿದ್ದಾರೆ. ತದಡಿಯ ಎದುರಿಗೆ ದೋಣಿಯ ಹೊತ್ತು ಬರೆಯದೆ, "ಏಳಕ್ಕೆ ಹೋಗಿ ಕುಳಿತಿರುವುದು" ಎಂದಷ್ಟೇ ಇದೆ. ಬಡಗಣಿಯ ಹತ್ತಿರ ಮೊದಲು ಅವರು ಏನೂ ಬರೆದಿರಲಿಲ್ಲ. ನಾನು ಪೆನ್ಸಿಲು ಇಸಿದುಕೊಂಡು ಅಲ್ಲೊಂದು ಹುಣ್ಣಿಮೆಯ ಚಂದ್ರನನ್ನು ಬರೆದು, ಅದರ ಮೇಲೆ ಅಡ್ಡಗೆರೆ ಎಳೆದಿದ್ದೇನೆ.